ಮತ್ತೆ ಬರುತ್ತಾ ಅನ್ನುವ ಮುಂಚೆ, ಯಾಕೆ ಬಂತು ಅಂತ ಕೇಳಿ

(ವಿಶ್ವ ಸ್ಟ್ರೋಕ್ ದಿನದ ವಾರದಲ್ಲಿ ಹಾಸನದಲ್ಲಿ, ರೋಗಿಗಳ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಲಕ್ವ, ಅಂದರೆ ಸ್ಟ್ರೋಕ್, ಹೊಡೆದವರ ಮನೆಯವರು ನಮ್ಮನ್ನು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಕೈಕಾಲು ಸರಿ ಹೋಗುತ್ತಾ? ಮತ್ತೆ ಬರುತ್ತಾ? ಮೊದಲನೆಯದನ್ನು ರೋಗಿಯ ಎದುರೇ ಕೇಳುತ್ತಾರೆ. ಎರಡನೆಯದನ್ನು ರೋಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದು, ದನಿ ತಗ್ಗಿಸಿ ಕೇಳುತ್ತಾರೆ. ಇವತ್ತು ಆ ಎರಡನೇ ಪ್ರಶ್ನೆಯನ್ನು ಎಲ್ಲರೆದುರೇ ಮಾತಾಡೋಣ.

ಒಟ್ಟು ಲೆಕ್ಕ ಬೇಕಾದರೆ ಹೇಳಿಬಿಡುತ್ತೇನೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಸೇರಿಸಿ 2011ರಲ್ಲಿ ಒಂದು ವರದಿ ಬಂತು. ಅದರ ಪ್ರಕಾರ, ಸ್ಟ್ರೋಕ್ ಆಗಿ ಬದುಕುಳಿದ 100 ಜನರಲ್ಲಿ ಒಂದು ವರ್ಷದೊಳಗೆ ಸುಮಾರು 11 ಜನಕ್ಕೆ ಮತ್ತೆ ಆಗುತ್ತದೆ. ಐದು ವರ್ಷಕ್ಕೆ 26, ಹತ್ತು ವರ್ಷಕ್ಕೆ 39. ಕೇಳಿದರೆ ಹೆದರಿಕೆ ಆಗುತ್ತದೆ, ಅಲ್ವಾ? ಆದರೆ ಇದರಲ್ಲಿ ಮಾತ್ರೆ ತಿಂದವರು, ಬಿಟ್ಟವರು, ಹೃದಯದ ತೊಂದರೆಯಿಂದ ಆದವರು, ಬಿಪಿಯಿಂದ ಆದವರು ಎಲ್ಲರೂ ಸೇರಿದ್ದಾರೆ. ಹಳೇ ಕಾಲದ ಚಿಕಿತ್ಸೆ ಪಡೆದವರೂ ಇದ್ದಾರೆ. ನಿಮ್ಮ ತಂದೆಯವರಿಗೆ ಏನಾಗುತ್ತದೆ ಅಂತ ಈ ಲೆಕ್ಕ ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ಅವರಿಗೆ ಆಗಿದ್ದು ಯಾವ ಬಗೆಯ ಸ್ಟ್ರೋಕ್, ಯಾಕೆ ಆಯಿತು ಅನ್ನುವುದು ಗೊತ್ತಿರಬೇಕು.

ಹಾಗಾಗಿ ನಾನು ಮೊದಲು ಕೇಳುವುದು ಡಿಸ್ಚಾರ್ಜ್ ಸಮರಿ, ಅಂದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಬರೆದುಕೊಡುವ ವರದಿ. ಎಷ್ಟೋ ಜನ ಬಿಲ್ಲುಗಳನ್ನೆಲ್ಲ ಜೋಪಾನವಾಗಿ ಇಟ್ಟಿರುತ್ತಾರೆ, ಸಮರಿ ಇರುವುದಿಲ್ಲ. ಸ್ಕ್ಯಾನ್ ಫಿಲಂ ಅಟ್ಟದ ಮೇಲೆ ಸೇರಿರುತ್ತದೆ. ಮನೆಗೆ ಹೋಗುವ ಮುಂಚೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ: "ಸರ್, ರಕ್ತ ಹೆಪ್ಪುಗಟ್ಟಿ ಆಗಿದ್ದಾ, ನಾಳ ಒಡೆದು ಆಗಿದ್ದಾ? ಕಾರಣ ಏನು ಅಂತ ಬರೆದಿದ್ದೀರಾ?" ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ, ಕೇಳಿ.

ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುವ ಬಗೆಯೇ ಜಾಸ್ತಿ. ಅದರಿಂದಲೇ ಶುರು ಮಾಡೋಣ. ಅದರಲ್ಲೂ ಬಂದು ಹೋಗುವ ಸ್ಟ್ರೋಕ್ ಒಂದಿದೆ, ಟಿಐಎ ಅನ್ನುತ್ತೇವೆ. ಸಕಲೇಶಪುರ ಕಡೆಯ ತೋಟದಲ್ಲಿ ರೈಟರ್ ಆಗಿದ್ದ ಒಬ್ಬರು ನೆನಪಾಗುತ್ತಾರೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇನೆ. ಬಟವಾಡೆ ದಿನ, ಆಳುಗಳ ಹೆಸರು ಕೂಗಿ ದುಡ್ಡು ಕೊಡುತ್ತಾ ಕೂತಿದ್ದರು. ಇದ್ದಕ್ಕಿದ್ದ ಹಾಗೆ ಬಲಗೈಯಿಂದ ಪೆನ್ನು ಜಾರಿತು. ಹೆಸರು ಕೂಗಲು ಹೋದರೆ ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಯಾಯಿತು. ಯಾರೋ ಸಕ್ಕರೆ ನೀರು ಕೊಟ್ಟರು, ಸುಸ್ತಿರಬೇಕು ಅಂದರು. ಅವರು ಬಟವಾಡೆ ಮುಗಿಸಿ, ಲೆಕ್ಕ ತಾಳೆ ಮಾಡಿ, ಬೈಕಿನಲ್ಲೇ ಮನೆಗೆ ಹೋದರು. ಮೂರನೇ ದಿನ ಬೆಳಗ್ಗೆ ಏಳುವಾಗ ಬಲಗಡೆ ಪೂರ್ತಿ ಸ್ವಾಧೀನ ಇರಲಿಲ್ಲ.

ತಾನಾಗಿ ಸರಿಹೋಯಿತಲ್ಲ ಅಂತ ಸಮಾಧಾನ ಪಡುವ ಆ ಒಂದೆರಡು ದಿನವೇ ಅತಿ ಅಪಾಯದ ದಿನ. ಟಿಐಎ ಆದ ಮೇಲೆ ಮೂರು ತಿಂಗಳಲ್ಲಿ ಆಗುವ ದೊಡ್ಡ ಸ್ಟ್ರೋಕ್‌ಗಳಲ್ಲಿ ಸುಮಾರು ಅರ್ಧದಷ್ಟು ಮೊದಲ 48 ಗಂಟೆಯಲ್ಲೇ ಆಗುತ್ತವೆ. ಬೇಗ ಚಿಕಿತ್ಸೆ ಕೊಟ್ಟರೆ ಎಷ್ಟು ಲಾಭ ಅಂತ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 2007ರಲ್ಲಿ ತೋರಿಸಿಕೊಟ್ಟರು. ಟಿಐಎ ಅಥವಾ ಸಣ್ಣ ಸ್ಟ್ರೋಕ್ ಆದವರನ್ನು ನಿಧಾನವಾಗಿ ನೋಡುತ್ತಿದ್ದಾಗ ಮೂರು ತಿಂಗಳಲ್ಲಿ 100ಕ್ಕೆ 10 ಜನಕ್ಕೆ ಮತ್ತೆ ಆಗುತ್ತಿತ್ತು. ಅವತ್ತೇ ನೋಡಿ ಅವತ್ತೇ ಮಾತ್ರೆ ಶುರು ಮಾಡಿದಾಗ ಅದು 2ಕ್ಕೆ ಇಳಿಯಿತು. ಹೊಸ ಔಷಧಿ ಏನೂ ಕೊಡಲಿಲ್ಲ. ಇದ್ದ ಮಾತ್ರೆಗಳನ್ನೇ ಬೇಗ ಕೊಟ್ಟರು, ಅಷ್ಟೇ. ಆಶಾ ಅಕ್ಕಂದಿರು ಈ ಮಾತನ್ನು ದಯವಿಟ್ಟು ಮನೆ ಮನೆಗೂ ಮುಟ್ಟಿಸಿ.

ಇಂಥವರಿಗೆ ಈಗ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಸೇರಿಸಿ ರಕ್ತ ತೆಳು ಮಾಡುವ ಎರಡು ಮಾತ್ರೆ ಕೊಡುತ್ತೇವೆ. ಸಾಮಾನ್ಯವಾಗಿ 21 ದಿನ, ಆಮೇಲೆ ಒಂದೇ. ಇಲ್ಲಿ ಎರಡು ಥರದ ತಪ್ಪು ನಡೆಯುತ್ತದೆ. ಕೆಲವರು 21 ದಿನಕ್ಕೆ ಎರಡನ್ನೂ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಎರಡನ್ನೂ ನುಂಗುತ್ತಾರೆ. ಹೊಟ್ಟೆಯಲ್ಲೋ ತಲೆಯಲ್ಲೋ ರಕ್ತಸ್ರಾವ ಆಗುವ ಅಪಾಯ ಅದರಿಂದ ಹೆಚ್ಚುತ್ತದೆ.

ಕುತ್ತಿಗೆಯ ದೊಡ್ಡ ನಾಳದಲ್ಲಿ ಕೊಬ್ಬು ಕಟ್ಟಿ ಆದ ಸ್ಟ್ರೋಕ್ ಕೂಡ ಮೊದಲ ವಾರಗಳಲ್ಲೇ ಮತ್ತೆ ಬರುವುದು ಜಾಸ್ತಿ. ಡಾಪ್ಲರ್ ಅನ್ನುವ ಸ್ಕ್ಯಾನ್‌ನಲ್ಲಿ 70%ಗಿಂತ ಹೆಚ್ಚು ಕಿರಿದಾಗಿದೆ ಅಂತ ಬಂದರೆ, ಆಪರೇಷನ್‌ಗೆ ಯೋಗ್ಯರಾದವರಿಗೆ ಎರಡು ವಾರದೊಳಗೆ ಮಾಡಿಸಿದರೆ ಲಾಭ ಹೆಚ್ಚು. ಹಬ್ಬ ಮುಗಿಯಲಿ, ಕಾಫಿ ಕೊಯ್ಲು ಮುಗಿಯಲಿ ಅಂತ ಮುಂದಕ್ಕೆ ಹಾಕಿದರೆ ಆ ಲಾಭ ಕರಗುತ್ತದೆ. ಇನ್ನು ತಲೆಯ ಒಳಗಿನ ನಾಳವೇ ಕಿರಿದಾಗಿದ್ದರೆ "ಹೃದಯಕ್ಕೆ ಹಾಕಿದ ಹಾಗೆ ಸ್ಟೆಂಟ್ ಹಾಕಿಬಿಡಿ ಸಾರ್" ಅನ್ನುತ್ತಾರೆ. ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಒಂದು ತಿಂಗಳೊಳಗೆ 100ಕ್ಕೆ 15ರಷ್ಟು ಜನಕ್ಕೆ ಸ್ಟ್ರೋಕ್ ಅಥವಾ ಸಾವು ಆಯಿತು. ಬರೀ ಮಾತ್ರೆಯಲ್ಲಿದ್ದವರಲ್ಲಿ ಅದು 6ರ ಆಸುಪಾಸು. ತಲೆಯ ನಾಳ ಹೃದಯದ ನಾಳದಂತಲ್ಲ. ಅಲ್ಲಿ ಹೆಚ್ಚಿನವರಿಗೆ ಮಾತ್ರೆಯೇ ಮೇಲು.

ಇನ್ನು ಹೃದಯದಿಂದ ಬರುವ ಸ್ಟ್ರೋಕ್. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ಹೃದಯದ ಬಡಿತ ತಾಳ ತಪ್ಪಿದಾಗ ಒಳಗೆ ರಕ್ತ ನಿಂತು ಹೆಪ್ಪಾಗುತ್ತದೆ. ಆ ಹೆಪ್ಪು ಮೆದುಳಿಗೆ ಹೋಗಿ ಕೂರುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಅಂತ ಸಮರಿಯಲ್ಲಿ ಬರೆದಿರುತ್ತಾರೆ. ಈ ತೊಂದರೆ ಇದ್ದವರಿಗೆ ಸ್ಟ್ರೋಕ್ ಅಪಾಯ ಬೇರೆಯವರಿಗಿಂತ ಸುಮಾರು ಐದು ಪಟ್ಟು. ಬರುವ ಹೆಪ್ಪು ದೊಡ್ಡದು, ಹಾಗಾಗಿ ಹಾನಿಯೂ ದೊಡ್ಡದು. ಆದರೆ ತಡೆಯಲು ತುಂಬಾ ಒಳ್ಳೆಯ ಮದ್ದು ಇರುವುದೂ ಇದಕ್ಕೇ. ರಕ್ತ ಹೆಪ್ಪಾಗದಂತೆ ತಡೆಯುವ ವಾರ್ಫರಿನ್ ಮಾತ್ರೆ ಸರಿಯಾದ ಮಟ್ಟದಲ್ಲಿದ್ದರೆ ಮೂರರಲ್ಲಿ ಎರಡು ಪಾಲು ಅಪಾಯ ಇಳಿಯುತ್ತದೆ. ಆಸ್ಪಿರಿನ್ ಅಷ್ಟು ಕೆಲಸ ಮಾಡುವುದಿಲ್ಲ.

ಆಲೂರು ಕಡೆಯ ಒಬ್ಬ ಹೆಣ್ಣುಮಗಳು, ಇನ್ನೂ ನಲವತ್ತು ದಾಟಿಲ್ಲ. ಚಿಕ್ಕವಳಿದ್ದಾಗ ಗಂಟಲು ನೋವು, ಜ್ವರ, ಕೀಲು ಊತ ಬಂದು ಹೋಗಿತ್ತಂತೆ. ರುಮ್ಯಾಟಿಕ್ ಜ್ವರ ಅದು. ದೊಡ್ಡವಳಾಗುವ ಹೊತ್ತಿಗೆ ಹೃದಯದ ವಾಲ್ವ್ ಕಿರಿದಾಗಿತ್ತು. ಒಂದು ಸಣ್ಣ ಸ್ಟ್ರೋಕ್ ಆಯಿತು, ಪೂರ್ತಿ ಚೇತರಿಸಿಕೊಂಡಳು. ವಾರ್ಫರಿನ್ ಕೊಟ್ಟು, ಐಎನ್‌ಆರ್ ಅನ್ನುವ ರಕ್ತಪರೀಕ್ಷೆ ಮಾಡಿಸುತ್ತಾ ಇರಬೇಕು ಅಂದಿದ್ದೆವು. ಅದು 2ರಿಂದ 3ರೊಳಗೆ ಇರಬೇಕು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಅಂತ ಮನೆಯಲ್ಲಿ ಹಿರಿಯರು ಮಾತ್ರೆ ಬಿಡಿಸಿದರು. ಯಾರಿಗೂ ಹೇಳಲಿಲ್ಲ. ಎರಡನೇ ಸಲ ಬಂದಾಗ ಮಾತು ಹೋಯಿತು. ಮಗುವಿನ ಹೆಸರು ಹಿಡಿದು ಕರೆಯಲು ಆಗುತ್ತಿರಲಿಲ್ಲ. ಮುಟ್ಟಿನ ರಕ್ತಸ್ರಾವಕ್ಕೆ ಪರಿಹಾರ ಇತ್ತು, ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನನಗೆ ಈಗಲೂ ಅದನ್ನು ನೆನೆದರೆ ಸಂಕಟ ಆಗುತ್ತದೆ.

ಈಗ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆ, ವಯಸ್ಸಾದವರ ತಾಳ ತಪ್ಪಿದ ಹೃದಯಕ್ಕೆ ಅವು ಒಳ್ಳೆಯವೇ. ಆದರೆ ರುಮ್ಯಾಟಿಕ್ ವಾಲ್ವ್ ತೊಂದರೆ ಇರುವವರಿಗಲ್ಲ. 24 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೇ ವಾರ್ಫರಿನ್ ಗುಂಪಿನವರಲ್ಲೇ ಸಾವು ಕಡಿಮೆ ಇತ್ತು. ಪಕ್ಕದ ಮನೆಯವರಿಗೆ ಹೊಸ ಮಾತ್ರೆ ಕೊಟ್ಟಿದ್ದಾರೆ, ನಮಗೆ ಯಾಕೆ ಹಳೇದು ಅಂತ ಬದಲಾಯಿಸಬೇಡಿ.

ಇನ್ನೊಂದು ಬಗೆ, ಮೆದುಳಿನ ಆಳದ ಸಣ್ಣ ಸಣ್ಣ ನಾಳಗಳು ಮುಚ್ಚಿಕೊಳ್ಳುವುದು. ಬಿಪಿ, ಶುಗರ್ ಇರುವವರಲ್ಲಿ ಜಾಸ್ತಿ. ಹೇಮಾವತಿ ಕಾಲುವೆಯ ಕೊನೇ ಭಾಗದ ಗದ್ದೆಗಳ ಕಷ್ಟ ನಿಮಗೆ ಗೊತ್ತು. ನೀರು ಬಂದರೆ ಆ ಒಂದೇ ತೂಬಿನಿಂದ ಬರಬೇಕು, ಅದು ಕಟ್ಟಿದರೆ ಬೇರೆ ದಾರಿಯೇ ಇಲ್ಲ. ಈ ನಾಳಗಳದ್ದೂ ಅದೇ ಕಥೆ. ಒಣಗುವ ಜಾಗ ಸಣ್ಣದು. ಹಾಗಾಗಿ ಮೊದಲ ಸಲ ಆದಾಗ ಚೇತರಿಕೆ ಚೆನ್ನಾಗಿಯೇ ಇರುತ್ತದೆ. ಸಾವು ಕಡಿಮೆ. ಕೆಲವೇ ವಾರಗಳಲ್ಲಿ ನಡೆದುಕೊಂಡು ಬರುತ್ತಾರೆ, "ಏನಿಲ್ಲ ಬಿಡಿ, ಮೈಲ್ಡ್ ಸ್ಟ್ರೋಕು" ಅನ್ನುತ್ತಾರೆ.

ಆ ಮಾತನ್ನು ನಾನು ಒಪ್ಪುವುದಿಲ್ಲ. ಇದರ ತೊಂದರೆ ಕಾಣುವುದು ಐದು, ಹತ್ತು ವರ್ಷದ ಮೇಲೆ. ಗೊತ್ತೇ ಆಗದ ಹಾಗೆ ಒಂದೊಂದೇ ಚುಕ್ಕೆ ಸೇರುತ್ತಾ ಹೋಗುತ್ತದೆ. ಯಜಮಾನರು ಕಾಲು ಎಳೆದು ಸಣ್ಣ ಹೆಜ್ಜೆ ಇಡಲು ಶುರು ಮಾಡುತ್ತಾರೆ. ಚೀಟಿ ದುಡ್ಡಿನ ಲೆಕ್ಕ ತಪ್ಪುತ್ತದೆ. ಸುಮ್ನೆ ಕೂತಿರುತ್ತಾರೆ, ಇಲ್ಲ ಸಣ್ಣದಕ್ಕೆ ಅಳುತ್ತಾರೆ. ವಯಸ್ಸಾಯಿತು ಅಂತ ಮನೆಯವರು ಬಿಟ್ಟುಬಿಡುತ್ತಾರೆ. ಎಲ್ಲ ಬಗೆಯ ಸ್ಟ್ರೋಕ್ ಸೇರಿಸಿ ನೋಡಿದರೆ, ಮೊದಲ ಸಲ ಆದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಮರೆಗುಳಿ ಕಾಯಿಲೆ ಬರುತ್ತದೆ. ಮತ್ತೆ ಸ್ಟ್ರೋಕ್ ಆದವರಲ್ಲಿ ಅದು ಮೂರಕ್ಕೆ ಒಬ್ಬರು. ಎರಡನೆಯದನ್ನು ತಡೆಯಬೇಕು ಅನ್ನುವುದು ಕೈಕಾಲಿಗಾಗಿ ಮಾತ್ರ ಅಲ್ಲ.

ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗದವರು ಸುಮಾರು ನಾಲ್ಕಕ್ಕೆ ಒಬ್ಬರು ಇರುತ್ತಾರೆ. ಅವರಿಗೆ ಹೃದಯದ ಬಡಿತವನ್ನು ಒಂದು ದಿನದ ಇಸಿಜಿಯಲ್ಲಿ ನೋಡಿದರೆ ಸಾಲದು, ಹೆಚ್ಚು ದಿನ ನೋಡಬೇಕಾಗಬಹುದು.

ಈಗ ನಾಳ ಒಡೆಯುವ ಬಗೆಗೆ ಬರೋಣ. ಇದು ಕಠಿಣ. ಮೆದುಳಿನೊಳಗೆ ರಕ್ತಸ್ರಾವ ಆದವರಲ್ಲಿ ಹತ್ತಕ್ಕೆ ನಾಲ್ಕು ಜನ ಮೊದಲ ತಿಂಗಳಲ್ಲೇ ಹೋಗಿಬಿಡುತ್ತಾರೆ. ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಆದರೆ ಆ ತಿಂಗಳು ದಾಟಿದವರ ಬಗ್ಗೆ ಬೇಗ ಕೈಚೆಲ್ಲಬೇಡಿ. ಚೆಲ್ಲಿದ ರಕ್ತ ಕರಗಿ, ಬಾವು ಇಳಿಯಲು ಸಮಯ ಬೇಕು. ಚೇತರಿಕೆ ನಿಧಾನ ಶುರುವಾದರೂ ತಿಂಗಳುಗಟ್ಟಲೆ ಮುಂದುವರಿಯುತ್ತದೆ.

ಮತ್ತೆ ಬರುವುದು ಎಲ್ಲಿ ಒಡೆದಿದೆ ಅನ್ನುವುದರ ಮೇಲಿದೆ. ಮೆದುಳಿನ ಆಳದಲ್ಲಿ ಒಡೆದಿದ್ದರೆ ಸಾಮಾನ್ಯವಾಗಿ ಬಿಪಿ ಕಾರಣ. ವರ್ಷಕ್ಕೆ 100ಕ್ಕೆ ಸುಮಾರು 2 ಜನರಲ್ಲಿ ಮತ್ತೆ ಆಗುತ್ತದೆ, ಬಿಪಿ ಹಿಡಿತದಲ್ಲಿಟ್ಟರೆ ಇನ್ನೂ ಕಡಿಮೆ. ಮೆದುಳಿನ ಅಂಚಿನ ಭಾಗದಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಆಗಿದ್ದರೆ ನಾಳದ ಗೋಡೆಯಲ್ಲೇ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಸೇರಿ ಹಾಳಾಗಿರಬಹುದು. ಅಲ್ಲಿ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು.

ಇಲ್ಲೇ ನಾನು ಕಂಡ ಒಂದು ಅನಾಹುತ ಹೇಳಬೇಕು. ಚನ್ನರಾಯಪಟ್ಟಣ ಕಡೆಯ ಒಬ್ಬ ಹಿರಿಯರಿಗೆ ರಕ್ತಸ್ರಾವ ಆಗಿ, ಹುಷಾರಾಗಿ ಮನೆಗೆ ಹೋಗಿದ್ದರು. ಅವರ ಬೀಗರಿಗೂ ಮೊದಲು ಲಕ್ವ ಹೊಡೆದಿತ್ತು, ಅವರದು ಹೆಪ್ಪುಗಟ್ಟಿ ಆದದ್ದು. "ನಮಗೆ ರಕ್ತ ತೆಳು ಮಾಡೋ ಮಾತ್ರೆ ಕೊಟ್ಟಿದ್ದಾರೆ, ನಿಮಗೆ ಕೊಟ್ಟೇ ಇಲ್ವಲ್ಲ" ಅಂತ ಆ ಬೀಗರು ತಮ್ಮ ಚೀಟಿಯನ್ನೇ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟದ್ದು. ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಸಿಕ್ಕಿತು. ಎರಡು ಬಗೆಯ ಮಾತ್ರೆಯನ್ನೂ ಮಗ ನನ್ನ ಮೇಜಿನ ಮೇಲೆ ಸುರಿದಾಗಲೇ ನನಗೆ ತಿಳಿದದ್ದು. ಅಷ್ಟರೊಳಗೆ ಏನೂ ಆಗಿರಲಿಲ್ಲ. ಹೃದಯದ ತೊಂದರೆಯೂ ಇದ್ದರೆ ರಕ್ತಸ್ರಾವ ಆದ ಕೆಲವರಿಗೆ ಆಸ್ಪಿರಿನ್ ಮತ್ತೆ ಶುರು ಮಾಡುವುದುಂಟು. ಅದನ್ನು ಸ್ಕ್ಯಾನ್ ನೋಡಿ ಡಾಕ್ಟರು ತೀರ್ಮಾನ ಮಾಡಬೇಕು, ಬೀಗರಲ್ಲ.

ಮೆದುಳಿನ ಹೊರಮೈಯಲ್ಲಿ ನಾಳದ ಗುಳ್ಳೆ ಒಡೆಯುವುದು ಇನ್ನೊಂದು. ಹುಟ್ಟಿದಾಗಿನಿಂದ ಇಂಥ ತಲೆನೋವು ಕಂಡಿಲ್ಲ ಅನ್ನುವಷ್ಟು ನೋವು, ಒಂದೇ ಕ್ಷಣದಲ್ಲಿ ಬರುತ್ತದೆ. ಇದರಲ್ಲಿ ಮತ್ತೆ ಒಡೆಯುವ ಅಪಾಯ ಮೊದಲ ದಿನವೇ ಅತಿ ಹೆಚ್ಚು. ಹಾಗಾಗಿ ಕ್ಲಿಪ್ ಹಾಕಿಯೋ, ಕಾಯಿಲ್ ತುಂಬಿಯೋ ಗುಳ್ಳೆಯನ್ನು ಬೇಗ ಮುಚ್ಚಬೇಕು. ಮುಚ್ಚಿದ ಮೇಲೆ ಅದೇ ಗುಳ್ಳೆ ಮತ್ತೆ ಒಡೆಯುವುದು ಬಹಳ ಅಪರೂಪ. ಆದರೆ ಸುಸ್ತು, ಮರೆವು ವರ್ಷಗಟ್ಟಲೆ ಕಾಡಬಹುದು. ನೋಡಲು ಚೆನ್ನಾಗಿಯೇ ಇದ್ದಾನೆ, ಕೆಲಸಕ್ಕೆ ಹೋಗಲು ಸೋಮಾರಿತನ ಅಂತ ಅಂಥವರನ್ನು ಬೈಯಬೇಡಿ. ಒಂದೇ ಮನೆಯಲ್ಲಿ ಅಣ್ಣತಮ್ಮ, ತಂದೆತಾಯಿ ಅಂತ ಇಬ್ಬರಿಗೆ ಹೀಗೆ ಆಗಿದ್ದರೆ ಉಳಿದವರು ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಬೇಕು.

ಇಲ್ಲಿ ಹೆಣ್ಣುಮಕ್ಕಳು ತುಂಬಾ ಜನ ಕೂತಿದ್ದೀರಿ. ಹಾಗಾಗಿ ಬಾಣಂತಿಯರ ಸ್ಟ್ರೋಕ್ ಬಗ್ಗೆ ಎರಡು ಮಾತು. ಇದು ಮೆದುಳಿನಿಂದ ರಕ್ತ ವಾಪಸ್ ಹೋಗುವ ನಾಳದಲ್ಲಿ ಹೆಪ್ಪುಗಟ್ಟುವುದು. ಹೆರಿಗೆಯಾದ ಮೊದಲ ವಾರಗಳಲ್ಲಿ ತಲೆನೋವು, ವಾಂತಿ, ಫಿಟ್ಸ್ ಬರುತ್ತದೆ. ಬಾಣಂತಿಗೆ ನೀರು ಕೊಟ್ಟರೆ ಮೈ ನೀರೇರುತ್ತದೆ ಅಂತ ಲೋಟ ಲೆಕ್ಕದಲ್ಲಿ ಕೊಡುವ ಮನೆಗಳು ಇನ್ನೂ ಇವೆ. ನೀರು ಕಡಿಮೆಯಾದರೆ ರಕ್ತ ಹೆಪ್ಪಾಗುವುದು ಸುಲಭ. ದಯವಿಟ್ಟು ಬಾಯಾರಿದಷ್ಟು ನೀರು ಕೊಡಿ. ಸಮಾಧಾನದ ವಿಷಯ ಅಂದರೆ, ಬೇಗ ಗುರುತಿಸಿದರೆ ಹತ್ತಕ್ಕೆ ಎಂಟು ಜನ ಚೆನ್ನಾಗಿ ಹುಷಾರಾಗುತ್ತಾರೆ, ಮತ್ತೆ ಬರುವುದೂ ಕಡಿಮೆ. ಇನ್ನೊಂದು ಮಗು ಬೇಡವೇ ಬೇಡ ಅಂತೇನಿಲ್ಲ. ಮುಂದಿನ ಬಸಿರಿನಲ್ಲಿ ಮೊದಲೇ ಹೇಳಿದರೆ ರಕ್ತ ಹೆಪ್ಪಾಗದಂತೆ ಇಂಜೆಕ್ಷನ್ ಕೊಡಬಹುದು. ಆದರೆ ಒಮ್ಮೆ ಹೀಗಾದವರು ಹಬ್ಬ, ಮದುವೆ ಅಂತ ಮುಟ್ಟು ಮುಂದೆ ಹಾಕುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಹಾರ್ಮೋನಿನ ಗರ್ಭನಿರೋಧಕ ಮಾತ್ರೆಗೂ ಇದೇ ಮಾತು.

ಬಗೆ ಎಷ್ಟೇ ಇರಲಿ, ಹೆಚ್ಚುಕಡಿಮೆ ಎಲ್ಲಕ್ಕೂ ತಗಲುವ ಒಂದು ವಿಷಯ ಬಿಪಿ. 2001ರಲ್ಲಿ 6,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಎಲ್ಲರೂ ಮೊದಲೇ ಸ್ಟ್ರೋಕ್ ಅಥವಾ ಟಿಐಎ ಆದವರು. ಮೇಲಿನ ಬಿಪಿಯನ್ನು ಬರೀ 9 ಅಂಕ ಇಳಿಸಿದ್ದಕ್ಕೆ ಮತ್ತೆ ಸ್ಟ್ರೋಕ್ ಆಗುವುದು 28% ತಗ್ಗಿತು. ಎರಡು ಮಾತ್ರೆ ಸೇರಿಸಿ 12 ಅಂಕ ಇಳಿಸಿದವರಲ್ಲಿ 43%. ಅದರಲ್ಲೂ ರಕ್ತಸ್ರಾವ ಅರ್ಧಕ್ಕೆ ಅರ್ಧ ಕಡಿಮೆಯಾಯಿತು. ಬಿಪಿ 130/80ರ ಒಳಗೆ ಇರಲಿ ಅನ್ನುತ್ತೇವೆ. "ಬಿಪಿ ನಾರ್ಮಲ್ ಬಂತು, ಅದಕ್ಕೆ ಮಾತ್ರೆ ಬಿಟ್ಟೆ" ಅನ್ನುವವರು ಪ್ರತಿವಾರ ಸಿಗುತ್ತಾರೆ. ಮಾತ್ರೆ ತಿಂದಿದ್ದಕ್ಕೇ ಅದು ನಾರ್ಮಲ್ ಬಂದಿದ್ದು.

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಮುದ್ದೆ ಬಿಡಿ ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಮುದ್ದೆ ಜೊತೆ ಉಪ್ಸಾರು, ಅದರ ಖಾರ, ಪಕ್ಕದಲ್ಲಿ ಉಪ್ಪಿನಕಾಯಿ, ಮೇಲೆ ಹಪ್ಪಳ ಅಂದರೆ ಒಂದೇ ಹೊತ್ತಿಗೆ ದಿನದ ಉಪ್ಪು ಮುಗಿದಿರುತ್ತದೆ. ಮಳೆಗಾಲದಲ್ಲಿ ಒಣಮೀನು ಬೇರೆ. ಉಪ್ಸಾರಿಗೆ ಉಪ್ಪು ಕಡಿಮೆ ಮಾಡಿ, ನಿಂಬೆಹುಳಿ ಹಿಂಡಿ, ಬೆಳ್ಳುಳ್ಳಿ ಜಾಸ್ತಿ ಹಾಕಿ ನೋಡಿ. ನಾಲಿಗೆ ಕೆಲವು ವಾರದಲ್ಲಿ ಒಗ್ಗುತ್ತದೆ. ಬೀಡಿ, ಕಡ್ಡಿಪುಡಿ ಬಗ್ಗೆ ಮಾತ್ರ ಚೌಕಾಸಿ ಬೇಡ. ಪೂರ್ತಿ ನಿಲ್ಲಬೇಕು.

ನಮ್ಮ ದೇಶದ್ದೇ ಒಂದು ಅಧ್ಯಯನ 2023ರಲ್ಲಿ ಬಂತು. 31 ಆಸ್ಪತ್ರೆ, ಸುಮಾರು 4,300 ರೋಗಿಗಳು. ಅರ್ಧ ಜನಕ್ಕೆ ಮೆಸೇಜು, ವಿಡಿಯೋ, ಪುಸ್ತಕ ಕೊಟ್ಟು ನೆನಪಿಸುತ್ತಾ ಇದ್ದರು, ಇನ್ನರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ವರ್ಷದ ಕೊನೆಗೆ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಕೆಲವರು ಇದನ್ನು ಸೋಲು ಅಂದರು. ನನಗೆ ಕಂಡದ್ದು ಬೇರೆ. ಎರಡೂ ಗುಂಪಿನಲ್ಲಿ ಮತ್ತೆ ಸ್ಟ್ರೋಕ್, ಹೃದಯದ ತೊಂದರೆ, ಸಾವು ಎಲ್ಲ ಸೇರಿಸಿದರೂ 100ಕ್ಕೆ 5ರ ಆಸುಪಾಸು ಇತ್ತು. ಒಳ್ಳೆಯ ಆಸ್ಪತ್ರೆಯ ಕೈಯಲ್ಲಿದ್ದು, ತಪ್ಪದೆ ತೋರಿಸಿಕೊಳ್ಳುತ್ತಿದ್ದರೆ ನಮ್ಮ ಜನಕ್ಕೂ ಇಷ್ಟು ಸಾಧ್ಯ.

ಕೈಕಾಲಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಚೇತರಿಕೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲಿ ಆಗುತ್ತದೆ. ಆ ತಿಂಗಳುಗಳನ್ನು ಪಾರಿವಾಳದ ರಕ್ತ ಹಚ್ಚುವುದರಲ್ಲಿ, ಆ ಊರು ಈ ಊರು ಅಂತ ಎಣ್ಣೆ ಔಷಧಿಗೆ ಅಲೆಯುವುದರಲ್ಲಿ ಕಳೆಯಬೇಡಿ. ಪಾರಿವಾಳದ ರಕ್ತದಲ್ಲಿ ಏನೂ ಇಲ್ಲ. ಬಿದ್ದ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜ ಜಾರುತ್ತದೆ. ಮಲಗಿಸಿ ಗಂಜಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಮಾತ್ರೆ ಇದೆ, ಅದೂ ಸ್ಟ್ರೋಕ್‌ನ ಭಾಗವೇ.

ಕೊನೆಗೆ ಒಂದು ವಿಷಯ. 2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ದಿನವಿಡೀ ಬಂದಾಗ ಇಸಿಜಿಗೆ ಎಷ್ಟು ಜನ ಸಾಲು ನಿಂತರು ಅಂತ ನಿಮಗೆ ನೆನಪಿದೆ. ಆಗಿನಿಂದ ಆಸ್ಪಿರಿನ್ ಮಾತ್ರೆಯನ್ನು ಕಿಸೆಯಲ್ಲಿ ಇಟ್ಟುಕೊಂಡು ಓಡಾಡುವವರನ್ನು ನೋಡುತ್ತಿದ್ದೇನೆ. ಎದೆನೋವಿನ ಮಾತು ಬೇರೆ. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ ಆ ಮಾತ್ರೆ ಬಾಯಿಗೆ ಹಾಕಬೇಡಿ. ಒಳಗೆ ಹೆಪ್ಪುಗಟ್ಟಿದೆಯಾ, ಒಡೆದಿದೆಯಾ ಅಂತ ಸಿಟಿ ಸ್ಕ್ಯಾನ್ ಆಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ನೀರೂ ಕುಡಿಸಬೇಡಿ. ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಅಲ್ಲಿಂದ ನಾಲ್ಕೂವರೆ ಗಂಟೆ ಮಾತ್ರ ಸಮಯ. ನೇರವಾಗಿ ಬೆಂಗಳೂರಿಗೆ ಅಂತ ಕಾರು ಹತ್ತಿದರೆ ಆ ಸಮಯ ಹೆದ್ದಾರಿಯಲ್ಲೇ ಮುಗಿಯುತ್ತದೆ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ದೊಡ್ಡ ನಾಳ ಮುಚ್ಚಿದ್ದರೆ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಗೆ ಕೆಲವರಿಗೆ 24 ಗಂಟೆಯ ತನಕ ಅವಕಾಶ ಇರುತ್ತದೆ, ಮುಂದಕ್ಕೆ ಎಲ್ಲಿಗೆ ಕಳಿಸಬೇಕು ಅಂತ ಅಲ್ಲಿಯ ಡಾಕ್ಟರು ಹೇಳುತ್ತಾರೆ. ಹೊರಡುವಾಗ ಹಳೇ ಡಿಸ್ಚಾರ್ಜ್ ಸಮರಿ, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ ಎರಡೂ ಜೊತೆಗಿರಲಿ. ವಾರ್ಫರಿನ್ ತಿನ್ನುವವರಾದರೆ ಬಾಗಿಲಲ್ಲೇ, ಮೊದಲ ಮಾತಲ್ಲೇ ಅದನ್ನು ಹೇಳಿ.